ಪೇಂಟರ್ ಎಳೆದ ಗೆರೆ

ಪೇಂಟರ್‌ಗೂ ಸ್ಕೇಲಿಗೂ ಎಣ್ಣೆ ಸೀಗೆಕಾಯಿ. ಅಂಗಡಿಯ ಬೋರ್ಡಾಗಲಿ, ಶಾಲೆಯ ಗೋಡೆಯಾಗಲಿ, ಒಂದು ಕಣ್ಣು ಮುಚ್ಚಿ ಬ್ರಷ್ ಎಳೆದನೆಂದರೆ ಗೆರೆ ನೆಟ್ಟಗೆ. ಆ ಹೆಮ್ಮೆ ಅವನ ತಲೆಗೇರಿ ಎಷ್ಟೋ ಕಾಲವಾಗಿತ್ತು. ಬೀದಿಯ ಫುಟ್‌ಬಾಲ್ ತಂಡಕ್ಕೂ ಅವನೇ ಮ್ಯಾನೇಜರ್. ಚೆಂಡಿಗೆ ಗಾಳಿ ಹೊಡೆಯುವುದು, ಆಟಗಾರರಿಗೆ ಬೈಯುವುದು, ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದು, ಎಲ್ಲ ಅವನದೇ ಕಾರುಬಾರು.

ಅವತ್ತು ಫೈನಲ್. ತಂಡ ಹುಟ್ಟಿದಾಗಿನಿಂದ ಒಂದೂ ಕಪ್ ಗೆದ್ದಿಲ್ಲ. ಈಗಲೂ ಒಂದು ಗೋಲು ಹಿಂದೆ, ಉಳಿದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಅವನ ಹುಡುಗನೊಬ್ಬ ಒದ್ದ ಚೆಂಡು ಗೋಲು ಕಂಬಗಳ ನಡುವಿನ ಸುಣ್ಣದ ಗೆರೆ ದಾಟಿ ಕೆಸರಲ್ಲಿ ಪಚಕ್ಕನೆ ಕೂತಿತು. ಪೇಂಟರ್ ಕುಣಿದೇಬಿಟ್ಟ. ಕಂಬದ ಪಕ್ಕದಲ್ಲೇ ನಿಂತಿದ್ದ ರೆಫರಿ ಮಾತ್ರ ಕೈಯಾಡಿಸಿ ಗೋಲಲ್ಲ ಎಂದರು.

ರೆಫರಿ ಬೇರೆ ಯಾರೂ ಅಲ್ಲ, ಅವನ ಬೀಗರು, ಮಗಳ ಮಾವ. ಕಸುಬು ಟೈಲರಿಂಗ್. ಬೀಗರಾದರೇನು, ಪೇಂಟರ್‌ಗೆ ಮೈಯೆಲ್ಲ ಉರಿದುಹೋಯಿತು. ತನ್ನ ಹುಡುಗರನ್ನು ಹೊರಗೆ ಕರೆದ, ಅನೌನ್ಸ್ ಮಾಡುವವನ ಕೈಯಿಂದ ಮೈಕ್ ಕಿತ್ತುಕೊಂಡ.

“ಬೀಗರೇ, ಸೂಜಿ ಕಣ್ಣು ಕಾಣೋ ನಿಮಗೆ ಅಷ್ಟು ದೊಡ್ಡ ಚೆಂಡು ಕಾಣ್ಲಿಲ್ವಾ? ಆ ಗೆರೆ ಎಳೆದಿದ್ದು ನಾನು. ಈ ಕೈ ಸೊಟ್ಟ ಗೆರೆ ಎಳೆದಿದ್ದು ತೋರಿಸಿ, ಇವತ್ತೇ ಬ್ರಷ್ ಬಿಸಾಕ್ತೀನಿ.”

ಜನ ಹೋ ಎಂದರು. ಅವನಿಗೆ ಇನ್ನಷ್ಟು ಹುರುಪು ಬಂತು. ಆಟ ನೋಡಲು ಬಂದಿದ್ದ ಮಗಳಿಗೆ ಅತ್ತ ದರಿ, ಇತ್ತ ಪುಲಿ. ಮಾವನ ಅಂಗಡಿಯಲ್ಲೇ ಹೊಲಿಯುವವಳು ಅವಳು. ಚೀಲದಿಂದ ದಾರದ ಉಂಡೆ ತೆಗೆದಳು.

“ಕೂಗೋದ್ಯಾಕಪ್ಪ? ಕಂಬದಿಂದ ಕಂಬಕ್ಕೆ ದಾರ ಹಿಡಿದು ನೋಡೋಣ.”

“ಹಿಡಿಯಮ್ಮ, ನಿಮ್ಮ ಮಾವನವರ ಕಣ್ಣು ತೆರೀಲಿ,” ಎಂದ. ಅದನ್ನೂ ಮೈಕಿನಲ್ಲೇ.

ದಾರ ಬಿಗಿಯಾಯಿತು. ಪೇಂಟರ್ ಬಗ್ಗಿ ನೋಡಿದ. ಕೆಸರಲ್ಲಿ ಚೆಂಡು ಕೂತ ಗುರುತು ದಾರದ ಕೆಳಗೇ ಇತ್ತು. ಚೆಂಡು ಪೂರ್ತಿ ದಾಟಿರಲೇ ಇಲ್ಲ. ಸುಣ್ಣದ ಗೆರೆ ಮಾತ್ರ ನಡುವೆ ಒಂದು ಗೇಣು ಮೈದಾನದ ಕಡೆಗೆ ಹೊಟ್ಟೆ ಬಿಟ್ಟುಕೊಂಡಿತ್ತು. ಬೆಳಿಗ್ಗೆ ಅಲ್ಲಿ ನೀರು ನಿಂತಿತ್ತು. ನೀರಲ್ಲಿ ಸುಣ್ಣ ನಿಲ್ಲುವುದಿಲ್ಲವೆಂದು ಅವನೇ ಗುಂಡಿಯ ಪಕ್ಕದಿಂದ ಸುತ್ತಿಸಿ ಗೆರೆ ಎಳೆದಿದ್ದ, ಆಮೇಲೆ ಮರೆತೇಬಿಟ್ಟಿದ್ದ.

ಮೈಕ್ ಇಟ್ಟು ಜಾರಿಕೊಳ್ಳಬಹುದಿತ್ತು. ಆದರೆ ಬೈದದ್ದು ಊರೆಲ್ಲ ಕೇಳುವಂತೆ. ಮಗಳ ಮುಖ ನೋಡಿದ, ಮೈಕನ್ನು ಮತ್ತೆ ಬಾಯಿಗೆ ತಂದ.

“ಗೆರೆ ಸೊಟ್ಟ ಇದೆ. ಎಳೆದೋನು ನಾನೇ. ಬೀಗರ ಕಣ್ಣು ಸರಿಯಾಗಿದೆ.”

“ಬ್ರಷ್ ಎಲ್ಲಿ ಪೇಂಟರೇ?” ಎಂದು ಹಿಂದಿನಿಂದ ಯಾರೋ ಕೂಗಿದರು. ಮೈದಾನವೆಲ್ಲ ನಗು. ಅವನ ಕಿವಿ ಕೆಂಪಾಯಿತು.

ಟೈಲರ್ ಹತ್ತಿರ ಬಂದರು.

“ಬ್ರಷ್ ಇರ್ಲಿ ಬೀಗರೇ, ಆ ಮೈಕ್ ಬಿಸಾಕಿ ಸಾಕು. ಹುಡುಗ್ರನ್ನ ಒಳಗೆ ಕಳ್ಸಿ, ಇನ್ನೂ ಟೈಮಿದೆ,” ಎಂದು ಸೀಟಿ ಬಾಯಿಗಿಟ್ಟರು.