ಖಾಲಿ ಷೆಡ್ಡಿನ ನಿಂಬೆಹಣ್ಣು

ಜಯನಗರದಲ್ಲಿ ನಮ್ಮ ಪಕ್ಕದ ಮನೆಯವರು ತಮ್ಮ ಹಳೆಯ ಕೆಂಪು ಸ್ಪೋರ್ಟ್ಸ್ ಕಾರನ್ನು ಮಾರಿ, ಅಂಥದೇ ಕಾರಿನ ಹುಚ್ಚಿರುವವರಿಗಾಗಿ ಒಂದು ಪತ್ರಿಕೆ ಶುರು ಮಾಡಿದರು. ಕಾರು ನಿಲ್ಲುತ್ತಿದ್ದ ಷೆಡ್ಡಿಗೆ ಪತ್ರಿಕೆಯ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಬಂತು. ಅದನ್ನು ಮೂಲೆಗೊತ್ತಿ, ನಡುವಿನ ಜಾಗವನ್ನು ಖಾಲಿ ಬಿಟ್ಟಿದ್ದರು. ಅಲ್ಲಿ ಕಾಲಿಡದೆ ಗೋಡೆಗೆ ಆತುಕೊಂಡೇ ಓಡಾಡುತ್ತಿದ್ದರು. ಯಾಕೆಂದು ಕೇಳಿದರೆ, ಮಸಿಯಾದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, "ಗಾಡಿ ಎಲ್ಲೂ ಹೋಗಿಲ್ಲ ಸಾರ್," ಎನ್ನುತ್ತಿದ್ದರು. ಮಾರಿದ ಸಂಕಟಕ್ಕೆ ಹಾಗೆನ್ನುತ್ತಾರೆ ಎಂದುಕೊಂಡಿದ್ದೆ.

ಮೊದಲ ಸಂಚಿಕೆ ಸಿದ್ಧವಾದದ್ದು ಆಯುಧಪೂಜೆಯ ದಿನ. ಯಂತ್ರಕ್ಕೆ ಕುಂಕುಮ ಹಚ್ಚಿದವರು, ಆ ಖಾಲಿ ನೆಲದಲ್ಲಿ, ಚಕ್ರಗಳಿರುತ್ತಿದ್ದ ಕಡೆ, ನಾಲ್ಕು ನಿಂಬೆಹಣ್ಣು ಇಟ್ಟರು. ನನಗೆ ನಗು ಬಂತು. ಷೆಡ್ಡಿಗೆ ಬೀಗ ಹಾಕಿ, ಅವರ ಮನೆಯಲ್ಲಿ ಕೋಸಂಬರಿ ತಿಂದು, ಪತ್ರಿಕೆಯ ಪ್ರತಿಗಳನ್ನು ತರಲೆಂದು ಇಬ್ಬರೂ ಹೋಗಿ ಬಾಗಿಲು ತೆಗೆದೆವು. ನಾಲ್ಕೂ ಹಣ್ಣು ಚಪ್ಪಟೆಯಾಗಿದ್ದವು. ರಸ ಇನ್ನೂ ಹರಿಯುತ್ತಿತ್ತು. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು, ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: "ಸ್ವಲ್ಪ ಈ ಕಡೆ ಬನ್ನಿ ಸಾರ್, ರಿವರ್ಸ್ ತಗೋತಿದೆ."

ನಾನು ಸರಿದು ನಿಂತೆ.