ಗೇಟಿನ ತನಕ ಬರದ ಬಾಟ್ಲಿ ಅಕ್ಕ

ಬೀದಿ ದೀಪಗಳು ಇನ್ನೂ ಆರಿಲ್ಲ. ವರ್ಕ್‌ಶಾಪಿನ ಹಿಂಬದಿಯ ತಗಡಿನ ಕೋಣೆಯಲ್ಲಿ ಏಪ್ರನ್ ಕಟ್ಟಿಕೊಂಡ ಹೆಂಗಸೊಬ್ಬರು ಹಳೆಯ ಬಿಸ್ಕತ್ ಡಬ್ಬಿಯೊಳಗೆ ಕೈ ಹಾಕಿ, ಕಣ್ಣು ಗೋಡೆಯ ಕಡೆ ತಿರುಗಿಸಿ, ಒಂದು ಗುಂಡಿ ಹೆಕ್ಕುತ್ತಾರೆ. ಕೋಟಿಗೆ ಹೊಲಿಯುವಂಥ ದಪ್ಪ ಗುಂಡಿ. ಕಪ್ಪು ಬಂದರೆ ಎಡಗಡೆಯ ಬಾಟಲಿ, ಬಿಳಿ ಬಂದರೆ ಬಲಗಡೆಯದು. ಬಂದ ಗುಂಡಿಯನ್ನು ಸೂಜಿಯಿಂದ ದಾರಕ್ಕೆ ಪೋಣಿಸುತ್ತಾರೆ. ನಿನ್ನೆಯದರ ಪಕ್ಕ ಇವತ್ತಿನದು ಹೋಗಿ ಕೂರುತ್ತದೆ. ದಾರ ಏಪ್ರನ್ನಿನ ಒಳಜೇಬು ಸೇರುತ್ತದೆ.

ಆಮೇಲೆ ಬಾಟಲಿಯಿಂದ ಅಳತೆ ಗ್ಲಾಸಿಗೆ, ಗ್ಲಾಸಿನಿಂದ ಪೆಟ್ರೋಲ್ ಕ್ಯಾನಿಗೆ. ಕ್ಯಾನನ್ನು ಗೋಡೆಯ ಬುಡದ ಕಿಂಡಿಯಿಂದ ಆಚೆ ತಳ್ಳಿ ತಗಡಿಗೆ ಎರಡು ಸಲ ಬಡಿಯುತ್ತಾರೆ. ಆಚೆಯಿಂದ ಒಂದು ಕೆಮ್ಮು. ಆ ಕೆಮ್ಮೇ ಉತ್ತರ. ಟ್ಯಾಂಕಿಗೆ ಪೆಟ್ರೋಲ್ ಗುಳುಗುಳು ಇಳಿದ ಸದ್ದು, ಬಾಗಿಲು ಹಾಕಿಕೊಂಡ ಸದ್ದು, ಹಳೆಯ ಎಂಜಿನ್ ಗಂಟಲು ಸರಿಮಾಡಿಕೊಂಡ ಸದ್ದು. ಕಾರು ಗೇಟು ದಾಟಿ, ತಿರುವಿನಲ್ಲಿ ಗೇರ್ ಬದಲಿಸಿದ್ದು ಕಿವಿಗೆ ಬೀಳುವ ತನಕ ಇವರು ಒಳಗಿನ ಚಿಲಕ ತೆಗೆಯುವುದಿಲ್ಲ. ಆಚೆ ಕೆಮ್ಮಿ ಹೋದವರು ಬೇರೆ ಯಾರೂ ಅಲ್ಲ, ಇವರ ಗಂಡ.

ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಇವರು ಬಾಟ್ಲಿ ಅಕ್ಕ. ಪೆಟ್ರೋಲಿಗೆ ಒಂದು ಮುಚ್ಚಳ ಬೆರೆಸಿದರೆ ಸಾಕು, ಕಾರು ಮೈಲೇಜ್ ಜಾಸ್ತಿ ಕೊಡುತ್ತದೆ ಎಂದು ಹೇಳಿಕೊಂಡು ಮಾರುಕಟ್ಟೆಗೆ ಬರುವ ದ್ರವಗಳು ಒಂದೆರಡಲ್ಲ. ಆ ಮಾತು ನಿಜವೋ ಬರೀ ಬೊಗಳೆಯೋ ಎಂದು ರಸ್ತೆಯ ಮೇಲೆ ಓಡಿಸಿ ನೋಡುವುದು ಈ ವರ್ಕ್‌ಶಾಪಿನ ಕೆಲಸಗಳಲ್ಲೊಂದು. ಮಾಡಿದವರೂ ಕಳಿಸುತ್ತಾರೆ, ಕೊಂಡು ಅನುಮಾನ ಬಂದವರೂ ತರುತ್ತಾರೆ. ಅದೇ ಕಾರು, ಅದೇ ರಸ್ತೆ, ನೀರಿನ ಟ್ಯಾಂಕಿನ ಹತ್ತಿರದ ವೃತ್ತ ಸುತ್ತಿ ವಾಪಸ್. ಅದೇ ಹೊತ್ತು, ಟೈರಿನಲ್ಲಿ ಅಷ್ಟೇ ಗಾಳಿ. ಕಪ್ಪು ಗುಂಡಿಯ ದಿನ ದ್ರವ ಬೆರೆಸಿದ ಪೆಟ್ರೋಲು, ಬಿಳಿಯ ದಿನ ಸಾದಾ; ಬಲಗಡೆಯ ಬಾಟಲಿಯಲ್ಲಿರುವುದೂ ಬರೀ ಪೆಟ್ರೋಲೇ. ಮಧ್ಯೆ ಟ್ಯಾಂಕ್ ಬಸಿದು, ಹಳೆಯದರ ವಾಸನೆಯೂ ಉಳಿಯದ ಹಾಗೆ ಇನ್ನೊಂದಷ್ಟು ಓಡಾಟ.

ಓಡಿಸುವ ಗಂಡನಿಗೆ ಗೆಳೆಯರು ಗಾಣದೆತ್ತು ಎಂದು ಹೆಸರಿಟ್ಟಿದ್ದಾರೆ, ಸುತ್ತಿದ್ದನ್ನೇ ಸುತ್ತುವುದಕ್ಕೆ. ಆದರೂ ನಾಲ್ಕು ಜನ ಗುರುತಿಸುವುದು ಅವರನ್ನೇ. ಮುಂದಿನ ಕೋಣೆಯಲ್ಲಿ ಅವರು ಸ್ಟಿಯರಿಂಗ್ ಹಿಡಿದು ನಗುತ್ತಿರುವ ಫೋಟೊ ಇದೆ. ಅದನ್ನು ತೋರಿಸಿದರೆ ಅಕ್ಕನ ಮುಖದಲ್ಲಿ ತುಂಟತನ ಬರುತ್ತದೆ. "ಅದರಲ್ಲಿ ನಾನೂ ಇದೀನಿ. ಕಾರಿನ ಹಿಂದೆ ತಗಡು ಕಾಣ್ಸುತ್ತಲ್ಲ, ಅದರೊಳಗೆ."

ಒಳಗೊಬ್ಬರು ಹೀಗೆ ಅಡಗಿ ಕೂರಬೇಕಾದ ಕಾರಣವನ್ನು ಗಂಡನೇ ಹೇಳುತ್ತಾರೆ. ಬಾಡಿಗೆ ಕಾರು ಓಡಿಸುತ್ತಿದ್ದ ಕಾಲದಿಂದ ಅವರು ಕಂಡುಕೊಂಡದ್ದು ಅದು. "ದುಡ್ಡು ಕೊಟ್ಟು ಬಾಟ್ಲಿ ಹಾಕಿದೋನ ಕಾಲು ತಾನಾಗೇ ಮೆತ್ತಗಾಗುತ್ತೆ. ಸಿಗ್ನಲ್ ಬಿಟ್ಟ ಕೂಡ್ಲೆ ನುಗ್ಗಲ್ಲ, ಸುಮ್‌ಸುಮ್ನೆ ಬ್ರೇಕ್ ಹಾಕಲ್ಲ. ಪೆಟ್ರೋಲ್ ಉಳಿಸಿದ್ದು ಕಾಲು, ಹೆಸರು ಬಂದಿದ್ದು ಬಾಟ್ಲಿಗೆ." ಹಾಗಾಗಿ ಟ್ಯಾಂಕಿನಲ್ಲಿ ಏನಿದೆ ಎಂಬುದು ಓಡಿಸುವವರಿಗೆ ಗೊತ್ತಿರಬಾರದು. ಗೊತ್ತಿದ್ದವರು ಬಾಯಿ ಬಿಡಬಾರದು. ವಾಸನೆ ಹಿಡಿದುಬಿಟ್ಟರೆ ಎಂದು ಅಕ್ಕ ಆ ದ್ರವದಲ್ಲಿ ಅದ್ದಿದ ಬಟ್ಟೆಯ ಚೂರೊಂದನ್ನು ಟ್ಯಾಂಕಿನ ಮುಚ್ಚಳದ ಹತ್ತಿರ ದಿನಾ ಕಟ್ಟಿಸುತ್ತಾರೆ, ಸಾದಾ ಪೆಟ್ರೋಲಿನ ದಿನವೂ.

ಈ ಕೆಲಸಕ್ಕೆ ಅವರು ಬಂದದ್ದು ಹೊಲಿಗೆಯಿಂದ. ಕಾರಿನ ಸೀಟಿಗೆ ಹೊದಿಕೆ ಹೊಲಿಯುವ ಯಂತ್ರ ಇದೇ ವರ್ಕ್‌ಶಾಪಿನ ಮೂಲೆಯಲ್ಲಿತ್ತು, ಈಗಲೂ ಇದೆ. ಆಗಿನ ದೊಡ್ಡ ಯಜಮಾನರು ಮೊದಮೊದಲು ಬಾಟಲಿಯ ಗುಟ್ಟನ್ನು ಮೆಕ್ಯಾನಿಕ್ಕುಗಳ ಕೈಗೆ ಕೊಟ್ಟು ನೋಡಿದರಂತೆ. ಒಬ್ಬನ ಹೊಟ್ಟೆಯಲ್ಲೂ ಅದು ಮಧ್ಯಾಹ್ನದ ತನಕ ನಿಲ್ಲಲಿಲ್ಲ. ಕೊನೆಗೆ ಮೂಲೆಯಲ್ಲಿ ತಲೆ ಬಗ್ಗಿಸಿಕೊಂಡು ಹೊಲಿಯುತ್ತಿದ್ದ ಈ ಹೆಂಗಸಿನ ಕಡೆ ಅವರ ಕಣ್ಣು ಹೋಯಿತು. ಗಂಡನಿಗೆ ಹೇಳದೆ ಇರ್ತೀಯೇನಮ್ಮ ಎಂದು ಕೇಳಿದರು. ಸೀಟಿನ ಬಟ್ಟೆ ಕತ್ತರಿಸುವಾಗ ನಾನು ಮಾಡಿದ ತಪ್ಪನ್ನೇ ಅವರಿಗೆ ಇವತ್ತಿನ ತನಕ ಹೇಳಿಲ್ಲ ಎಂದು ಅಕ್ಕ ಉತ್ತರ ಕೊಟ್ಟರು. ಕೆಲಸ ಸಿಕ್ಕಿತು. ಗುಂಡಿಯ ಉಪಾಯ ಅಕ್ಕನದೇ. ಮನಸ್ಸಿಗೆ ಬಂದ ಹಾಗೆ ಬಾಟಲಿ ಎತ್ತಿದರೆ ಮನಸ್ಸು ತನಗೆ ಬೇಕಾದ್ದನ್ನೇ ಎತ್ತುತ್ತದೆ, ಅದಕ್ಕೆ ಡಬ್ಬಿಯೇ ಹೇಳಲಿ ಎಂದು.

ಆ ದಿನಗಳ ಮಾತು ತೆಗೆದರೆ ಅಕ್ಕನ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಪೆಟ್ರೋಲಿಗೆ ಉದ್ದನೆಯ ಸಾಲು ನಿಲ್ಲುತ್ತಿದ್ದ ಕಾಲ. ತಳ್ಳಿ ಸ್ಟಾರ್ಟ್ ಮಾಡಿದರೂ ಅದು ಕಾರೇ ಎಂದು ಜನ ಹೆಮ್ಮೆಪಡುತ್ತಿದ್ದ ಕಾಲ. ಕಪಾಟಿನ ತುಂಬ ಬಾಟಲಿಗಳು ಬಂದು ಕೂರುತ್ತಿದ್ದವು. ಕೆಂಪು, ಹಸಿರು, ಜೇನಿನ ಬಣ್ಣ, ಹುಲಿ ಬಾಯ್ದೆರೆದ ಚಿತ್ರ ಅಂಟಿಸಿಕೊಂಡದ್ದೊಂದು. ತಲೆಗೆ ಹಚ್ಚುವ ಎಣ್ಣೆಯಂತೆ ಘಮ್ಮೆನ್ನುತ್ತಿದ್ದದ್ದೊಂದು. ಅದನ್ನು ಮೆಕ್ಯಾನಿಕ್ಕೊಬ್ಬ ನಿಜಕ್ಕೂ ತಲೆಗೆ ಹಚ್ಚಿಕೊಂಡು ವಾರಗಟ್ಟಲೆ ಟೋಪಿ ಹಾಕಿಕೊಂಡು ಓಡಾಡಿದ. ಟ್ಯಾಂಕ್ ಬಸಿದು ಓಡಿಸುವ ಸಂಜೆಗಳಲ್ಲಿ ಮಗಳು ಅದೇ ಕಾರಿನ ಹಿಂದಿನ ಸೀಟಿನಲ್ಲಿ, ಅಮ್ಮ ಹೊಲಿದ ಹೊದಿಕೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಅಪ್ಪನ ಓಟ ಎಷ್ಟು ಒಂದೇ ಸಮನಾಗಿತ್ತು ಎಂದರೆ ಕಾರು ನಿಂತಾಗಲೇ ಅವಳಿಗೆ ಎಚ್ಚರ. "ಈಗ ಆ ಮಗಳು ತನ್ನ ಕಾರಲ್ಲಿ ಎಲ್ಲ ಪರದೆ ಮೇಲೆ ಕಾಣ್ಸುತ್ತೆ ಅಮ್ಮಾ, ಮೈಲೇಜೂ ಕಾಣ್ಸುತ್ತೆ ಅಂತಾಳೆ. ಕಾಣ್ಲಿ. ನಿದ್ದೆ ಬರುತ್ತೇನೇ ಅದರಲ್ಲಿ ಅಂತ ಕೇಳ್ದೆ."

ಆಗ ಈ ತಗಡಿನ ಕದ ಇರಲಿಲ್ಲ. ಒಂದು ಪರದೆ ಇತ್ತು ಅಷ್ಟೆ. ಅಕ್ಕ ಪರದೆಯ ಹಿಂದೆ ಬೆರೆಸಿ, ಕ್ಯಾನನ್ನು ತಾವೇ ತಂದು ಗಂಡನ ಕೈಗೆ ಕೊಡುತ್ತಿದ್ದರು. ಮುಖದಲ್ಲಿ ಏನೂ ತೋರಿಸಿಕೊಳ್ಳದಿದ್ದರೆ ಸಾಕಲ್ಲ ಎನ್ನುವುದು ಎಲ್ಲರ ಲೆಕ್ಕ. ಕದ ಬಂದದ್ದು ಅಕ್ಕನ ತಮ್ಮನಿಂದ.

ತಮ್ಮ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅಲ್ಲಿಯ ಎಣ್ಣೆ, ತೆಳುಗೊಳಿಸುವ ದ್ರವ ಎಲ್ಲವನ್ನೂ ಬೆರೆಸಿ ಬೆರೆಸಿ, ಒಂದು ದಿನ ತಾನೇ ಒಂದು ಬಾಟಲಿ ತಯಾರಿಸಿದ. ಕೆಲಸ ಬಿಟ್ಟ. ಇನ್ನು ನಮ್ಮ ಕಷ್ಟವೆಲ್ಲ ಕಳೆಯಿತು ಎಂದು ಮನೆಮಂದಿಗೆಲ್ಲ ಹೇಳಿಕೊಂಡು ತಿರುಗಿದ. ಅವನಿಗೆ ಬೇಕಿದ್ದದ್ದು ಈ ವರ್ಕ್‌ಶಾಪಿನ ಒಂದು ಮಾತು. ಬಾಟಲಿ ಕೊಡಲು ಬಂದಾಗ ಅಕ್ಕನನ್ನು ಪಕ್ಕಕ್ಕೆ ಕರೆದು, ತನ್ನದು ಹಾಕಿದ ದಿನ ಭಾವನಿಗೆ ಒಂದು ಸನ್ನೆ ಮಾಡಿದರೆ ಸಾಕು ಎಂದು ನಗುತ್ತಾ ಕೇಳಿಯೂ ನೋಡಿದ. ಅಕ್ಕ ಅವನ ಕಿವಿ ಹಿಂಡಿ ಕಳಿಸಿದರು. ಸನ್ನೆ ಮಾಡಲಿಲ್ಲ. ಮಾಡಿಲ್ಲ ಎಂದೇ ಅವರು ತಿಳಿದಿದ್ದರು.

ಪರೀಕ್ಷೆ ಮುಗಿದು ದಾರ ಹೊರಗೆ ಬಂತು. ಗುಂಡಿಗಳ ಪಕ್ಕದಲ್ಲಿ ಆಯಾ ದಿನದ ಲೆಕ್ಕ ಇಟ್ಟು ನೋಡಿದರೆ ದೊಡ್ಡ ಯಜಮಾನರೇ ಕನ್ನಡಕ ಒರೆಸಿಕೊಂಡರು. ಕಪ್ಪು ಗುಂಡಿ ಎಂದರೆ ತಮ್ಮನ ಬಾಟಲಿ. ಬಿಳಿಯ ದಿನ ಲೀಟರಿಗೆ ಹದಿನಾಲ್ಕು ಕೊಟ್ಟ ಕಾರು ಕಪ್ಪಿನ ದಿನ ಹದಿನೈದು ದಾಟಿತ್ತು. ತಮ್ಮ ಭಾವನನ್ನು ಎತ್ತಿ ತಿರುಗಿಸಿಬಿಟ್ಟ. ಅಕ್ಕನ ಕಾಲೂ ನೆಲದ ಮೇಲಿರಲಿಲ್ಲ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಗಂಡ ಕೈ ತೊಳೆಯುತ್ತಾ ಹೇಳಿದ ಒಂದು ಮಾತನ್ನು ಅಕ್ಕ ಇವತ್ತಿಗೂ ಅದೇ ದನಿಯಲ್ಲಿ ಹೇಳುತ್ತಾರೆ. "ಈ ಸಲ ನೀನು ಗೇಟಿನ ತನಕ ಬಂದು ಕಳಿಸ್ತಿದ್ಯಲ್ಲ, ಹಿತವಾಗಿತ್ತು ಕಣೇ."

ದಿನಾ ಬರ್ತಿದ್ನಾ ಎಂದು ಅಕ್ಕ ಕೇಳಿದರು. ದಿನಾ ಇಲ್ಲ, ಕೆಲವು ದಿನ ಎಂದರು ಅವರು. ಅಕ್ಕ ಒಳಜೇಬಿನ ದಾರ ತೆಗೆದು ಮೇಜಿನ ಮೇಲೆ ಹಾಸಿ, ಯಾವ ಯಾವ ದಿನ ಎಂದು ಒಂದೊಂದೇ ಕೇಳುತ್ತಾ ಹೋದರು. ಗಂಡ ಹೇಳುತ್ತಾ ಹೋದರು: ಹಾಲಿನ ವ್ಯಾನ್ ಅಡ್ಡ ನಿಂತ ದಿನ ನೀನು ಬಂದಿದ್ದೆ. ಹನಿ ಬಿದ್ದ ದಿನ ಬಂದಿರಲಿಲ್ಲ. ನಾನು ಹೊಸ ಚಪ್ಪಲಿ ಹಾಕಿಕೊಂಡಿದ್ದೆನಲ್ಲ, ಅವತ್ತು ನೀನು ತಿರುವಿನ ತನಕ ನೋಡುತ್ತಾ ನಿಂತಿದ್ದೆ. ಗಂಡನಿಗೆ ನೆನಪಿದ್ದ, ಅಕ್ಕ ಗೇಟಿಗೆ ಬಂದ ದಿನಗಳೆಲ್ಲ ಒಂದೂ ತಪ್ಪದೆ ಕಪ್ಪು ಗುಂಡಿಯ ಮೇಲೆ ಬಂದು ಕೂತವು. ತಮ್ಮನ ಬಾಟಲಿ ಹಾಕಿದ ಬೆಳಗ್ಗೆ, ಅದು ಗೆದ್ದುಬರಲಿ ಎನ್ನುವ ಆಸೆ ಅಕ್ಕನ ಕಾಲನ್ನು ಅವರಿಗೇ ಗೊತ್ತಿಲ್ಲದೆ ಗೇಟಿಗೆ ಎಳೆದೊಯ್ದಿತ್ತು. ಹಾಗೆಂದು ಗಂಡನಿಗೆ ಬಾಟಲಿಯ ಗುಟ್ಟು ತಿಳಿದಿತ್ತೇ ಎಂದರೆ ಅದೂ ಇಲ್ಲ. ಹೆಂಡತಿ ಗೇಟಿನ ತನಕ ಬಂದು ಕಳಿಸಿದ್ದಾಳೆ ಎನ್ನುವ ಖುಷಿಗೇ ಅವರು ಹಗುರವಾಗಿ ಓಡಿಸಿದ್ದರು. ಮೈಲೇಜ್ ಕೊಟ್ಟದ್ದು ಗೇಟು.

ಇದು ಗೊತ್ತಿದ್ದದ್ದು ಆ ಅಡುಗೆಮನೆಯ ಇಬ್ಬರಿಗೆ ಮಾತ್ರ. ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ತಮ್ಮ ಆಗಲೇ ಬಾಟಲಿಗೆ ಅಂಟಿಸುವ ಚೀಟಿಯ ಬಣ್ಣ ಆರಿಸುತ್ತಿದ್ದ. ನೀನು ಹೇಗೆ ಹೇಳಿದರೆ ಹಾಗೆ, ಅವನು ನಿನ್ನ ತಮ್ಮ ಎಂದು ಗಂಡ ನಿರ್ಧಾರವನ್ನು ಅಕ್ಕನಿಗೇ ಬಿಟ್ಟರು. ಬೆಳಗ್ಗೆ ಅಕ್ಕ ದೊಡ್ಡ ಯಜಮಾನರ ಮುಂದೆ ದಾರ ಇಟ್ಟು, ಈ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಆಗಬೇಕು, ಅದಕ್ಕೆ ಮೊದಲು ನನಗೊಂದು ಕದ ಹಾಕಿಸಿಕೊಡಿ ಎಂದರು. ಗಂಡ ಪಾಪ, ಕದ ಯಾಕೆ, ದಿನಾ ಗೇಟಿಗೆ ಬಂದುಬಿಡು, ಆಗ ಎಲ್ಲ ದಿನವೂ ಒಂದೇ ಆಗುತ್ತಲ್ಲ ಎಂದು ಹೇಳಿ ನೋಡಿದರು. ಅಕ್ಕ ಒಪ್ಪಲಿಲ್ಲ. "ಒಂದಿನ ನಗು ಜಾಸ್ತಿ ಆಗುತ್ತೆ, ಒಂದಿನ ಕಮ್ಮಿ ಆಗುತ್ತೆ. ನಗೂನ ಅಳತೆ ಗ್ಲಾಸಲ್ಲಿ ಅಳೆಯಕ್ಕಾಗುತ್ತೇನ್ರೀ?"

ಕದ ಬಂತು, ಕಿಂಡಿ ಬಂತು. ಎರಡನೇ ಸಲದ ದಾರದಲ್ಲಿ ಕಪ್ಪಿಗೂ ಬಿಳಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ತಮ್ಮ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ. ಬೇರೆಯವರ ಅಕ್ಕಂದಿರು ತಮ್ಮಂದಿರಿಗಾಗಿ ಇಲ್ಲದ್ದನ್ನೂ ಉಂಟು ಮಾಡುತ್ತಾರೆ, ನನ್ನ ಅಕ್ಕ ಇದ್ದದ್ದನ್ನೂ ಇಲ್ಲ ಮಾಡಿದಳು ಎಂದಷ್ಟೇ ಹೇಳಿ ಹೊರಟುಹೋದ. ಆಮೇಲೆ ಬಹಳ ಕಾಲ ಎದುರಿಗೆ ಸಿಕ್ಕರೂ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದ. ಆ ವರ್ಷಗಳನ್ನು ಅಕ್ಕ ಹೆಚ್ಚು ಮಾತಾಡದೆ ದಾಟುತ್ತಾರೆ. ಹೊಲಿಗೆ ಯಂತ್ರದ ಸದ್ದಿಗೆ ಅಳು ಯಾರಿಗೂ ಕೇಳಿಸುತ್ತಿರಲಿಲ್ಲ ಎಂಬ ಒಂದೇ ಮಾತು.

ಅಕ್ಕತಮ್ಮನನ್ನು ಮತ್ತೆ ಒಂದು ಮಾಡಿದ್ದು ತುಕ್ಕು ಹಿಡಿದ ಒಂದು ನಟ್ಟು. ಯಾವುದೋ ಲಾರಿಯ ಚಕ್ರಕ್ಕೆ ಕಚ್ಚಿಕೊಂಡಿದ್ದ ಅದು ಸುತ್ತಿಗೆಗೂ ಬಗ್ಗದೆ ಇದ್ದಾಗ, ದೊಡ್ಡ ಯಜಮಾನರು ಕೈಗೆ ಸಿಕ್ಕಿದ್ದನ್ನೆಲ್ಲ ಸುರಿದು ನೋಡುತ್ತಾ, ಕಪಾಟಿನ ಮೂಲೆಯಲ್ಲಿ ಉಳಿದಿದ್ದ ತಮ್ಮನ ಬಾಟಲಿಯನ್ನೂ ಬಗ್ಗಿಸಿದರು. ಟೀ ಕುಡಿದು ಬರುವಷ್ಟರಲ್ಲಿ ನಟ್ಟು ಕೈಯಲ್ಲೇ ತಿರುಗಿತು. ಅವರೇ ತಮ್ಮನಿಗೆ ಹೇಳಿ ಕಳಿಸಿದರು. ಈಗ ತಮ್ಮನ ದ್ರವ ತುಕ್ಕು ಬಿಡಿಸುವುದಕ್ಕೆ ಸುತ್ತಮುತ್ತಲಿನ ವರ್ಕ್‌ಶಾಪುಗಳಿಗೆಲ್ಲ ಹೋಗುತ್ತದೆ. ಕೊಡಲು ಬಂದಾಗಲೆಲ್ಲ ಅವನು ತಗಡಿಗೆ ಎರಡು ಸಲ ಬಡಿದು, "ಏನಕ್ಕಾ, ಒಳಗೆ ಕಪ್ಪೋ ಬಿಳಿಯೋ?" ಎಂದು ರೇಗಿಸುತ್ತಾನೆ. ಅಕ್ಕ ಒಳಗಿನಿಂದಲೇ ಬೈಯುತ್ತಾರೆ. ನನ್ನ ಬಾಟಲಿ ಬಿಡಿಸಿದ ಮೊದಲನೇ ತುಕ್ಕು ನಮ್ಮಿಬ್ಬರದೇ ಎನ್ನುವುದು ಅವನ ಮಾತು.

ಅಲ್ಲಿಂದ ಇಲ್ಲಿಯ ತನಕ, ಪರೀಕ್ಷೆಯ ದಿನ ಗುಂಡಿ ಹೆಕ್ಕಿದ ಮೇಲೆ ಕಾರು ತಿರುವು ದಾಟುವ ತನಕ ಅಕ್ಕ ಗಂಡನ ಮುಖ ನೋಡಿಲ್ಲ. ಇಬ್ಬರೂ ಬೆಳಗ್ಗೆ ಒಟ್ಟಿಗೇ ಮನೆ ಬಿಡುತ್ತಾರೆ, ವರ್ಕ್‌ಶಾಪಿನ ಬಾಗಿಲಲ್ಲಿ ಇವರು ಹಿಂದಕ್ಕೆ, ಅವರು ಮುಂದಕ್ಕೆ. ಗುಂಡಿ ತೆಗೆದ ಮೇಲೆ ಮಾತಿಲ್ಲ. ಕೆಮ್ಮು ಮಾತ್ರ. ಆ ಕೆಮ್ಮಿನಲ್ಲೇ ಅವರ ಮಂಡಿನೋವು ಎಷ್ಟಿದೆ, ತಿಂಡಿ ಸರಿಯಾಯಿತೋ ಇಲ್ಲವೋ ಎಲ್ಲ ಗೊತ್ತಾಗುತ್ತದಂತೆ.

ಈಗ ನಡೆಯುತ್ತಿರುವುದು ಕೊನೆಯ ಪರೀಕ್ಷೆ. ದೊಡ್ಡ ಯಜಮಾನರ ಮಗ, ಚಿಕ್ಕ ಯಜಮಾನ, ಉರುಳೆಗಳ ಮೇಲೆ ಕಾರನ್ನು ನಿಂತಲ್ಲೇ ಓಡಿಸುವ ಯಂತ್ರ ತರಿಸಿದ್ದಾನೆ. ಅದಕ್ಕೆ ರಸ್ತೆಯೂ ಬೇಡ, ಯಾರ ಕಾಲೂ ಬೇಡ. ಯಂತ್ರದ ಬಗ್ಗೆ ಅಕ್ಕನಿಗೆ ಸಿಟ್ಟೇನಿಲ್ಲ. ಅದಕ್ಕೆ ಹೆಂಡತಿ ಇಲ್ಲವಲ್ಲ, ಒಳ್ಳೇದೇ ಆಯಿತು, ಸರಿಯಾಗಿ ಲೆಕ್ಕ ಕೊಡುತ್ತದೆ ಎನ್ನುತ್ತಾರೆ. ತಾವು ಮತ್ತೆ ಸೀಟಿನ ಹೊದಿಕೆಗೆ ಹೋಗುತ್ತಾರೆ. ಹಳೆಯ ಕಾರನ್ನು ಚಿಕ್ಕ ಯಜಮಾನ ಗಾಣದೆತ್ತಿಗೇ ಬಿಟ್ಟುಕೊಟ್ಟಿದ್ದಾನೆ.

ಮುಂದೇನು ಆಸೆ ಎಂದರೆ ಅಕ್ಕ ಬಿಸ್ಕತ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೆಲವೇ ಗುಂಡಿಗಳು ಉಳಿದಿವೆ. ಅವು ಒಂದಕ್ಕೊಂದು ತಾಗುವ ಸದ್ದು ಕೇಳಿಸುತ್ತದೆ.

"ಇದು ಖಾಲಿ ಆದ ಮಾರನೇ ದಿನ ಒಂದು ಕೆಲಸ ಇದೆ. ಟ್ಯಾಂಕಿಗೆ ಸಾದಾ ಪೆಟ್ರೋಲ್ ತುಂಬಿಸಿ, ಇವರನ್ನ ಅದೇ ರಸ್ತೆಗೆ ಕಳಿಸ್ತೀನಿ. ಗೇಟಿನ ತನಕ ಹೋಗ್ತೀನಿ, ತಿರುವು ದಾಟೋ ತನಕ ಕೈ ಬೀಸ್ತಾ ನಿಂತ್ಕೋತೀನಿ. ಅವತ್ತು ಎಷ್ಟು ಮೈಲೇಜ್ ಬರುತ್ತೆ ಅಂತ ನಾನೇ ನೋಡ್ಬೇಕು."