ಮೂರು ಬಣ್ಣದ ವೈರಿನ ಪ್ಲೇಯರ್

ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಕೇಳಿದ್ದು ಒಂದೇ. ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ದಾವಣಗೆರೆ ಕಡೆಯ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ಕೇಳಿದರು ಎಂದು ಬರೆಯಲು ಹೊರಟಿದ್ದೆ. ಅದು ಬೆಳಿಗ್ಗೆಯೇ ಹೌದೋ ಅಲ್ಲವೋ ಈಗ ಖಚಿತವಿಲ್ಲ. ಅಪ್ಪನ ಹಣೆಯ ಮೇಲೆ ಹಸಿ ವಿಭೂತಿ ಇದ್ದದ್ದು ನೆನಪಿದೆ, ಅದಕ್ಕೇ ಬೆಳಿಗ್ಗೆ ಅಂದುಕೊಂಡೆ. ಆದರೆ ಅಪ್ಪನನ್ನು ನೆನೆದಾಗಲೆಲ್ಲ ಅವರ ಹಣೆಯ ಮೇಲೆ ವಿಭೂತಿ ಇದ್ದೇ ಇರುತ್ತದೆ. ಅದು ಸಾಕ್ಷಿಯಾಗಲಾರದು.

"ಗೃಹಪ್ರವೇಶದ ಸೀಡಿ ಐತಲ್ಲ, ಅದನ್ನ ಹಾಕವ್ವ," ಅಂದರು. "ಅವ್ಳ ದನಿ ಒಂದ್ಸಲ ಕೇಳ್ಬೇಕು."

ಅಮ್ಮನ ದನಿ ಬೇರೆಲ್ಲೂ ಇಲ್ಲವೆಂದು ನನಗೆ ಹೊಳೆದದ್ದು ಆಗಲೇ. ಫೋನಿನಲ್ಲಿ ಅವಳು ದಿನಾ ಕಳಿಸುತ್ತಿದ್ದದ್ದು ಹೂವಿನ ಚಿತ್ರಗಳನ್ನು ಮಾತ್ರ. ಮಾತಾಡಿ ಕಳಿಸಮ್ಮ ಅಂದರೆ, "ಗೋಡೆ ಜೊತೆ ಮಾತಾಡ್ದಂಗೆ ಆಗುತ್ತೆ, ಹೋಗೇ," ಅನ್ನುತ್ತಿದ್ದಳು. ಅಣ್ಣನ ಮಗಳ ಹುಟ್ಟುಹಬ್ಬದ ವಿಡಿಯೋಗಳಲ್ಲೆಲ್ಲ ಅವಳು ಅಡುಗೆಮನೆ ಬಾಗಿಲಲ್ಲಿ ಕಾಣುವ ಅರ್ಧ ಸೆರಗು, ಅಷ್ಟೇ. ಕಣ್ಣು ಮುಚ್ಚಿ ಆ ದನಿಯನ್ನು ನೆನೆಯಲು ನೋಡಿದೆ. ಮಾತುಗಳು ಬಂದವು, ಆದರೆ ಎಲ್ಲವೂ ನನ್ನ ದನಿಯಲ್ಲಿ ಬಂದವು. ಇದರಿಂದ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಆ ದಿನಗಳಲ್ಲಿ ನಾನು ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಒಸಡಿನ ಹಾಗಿದ್ದೆ. ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತಿತ್ತು, ಅಷ್ಟೇ.

ಸೀಡಿಗಳು ಎರಡಿದ್ದವು. ಮೂಡಲಪಾಳ್ಯದ ಈ ಮನೆ ಕಟ್ಟಿದಾಗ, ಇಪ್ಪತ್ತು ವರ್ಷಕ್ಕೂ ಹಿಂದೆ, ವಿಡಿಯೋದವರು ಕೊಟ್ಟವು. ಮೇಲೆ ಗುಲಾಬಿ ಹೂವಿನ ಸ್ಟಿಕ್ಕರ್. ಅವು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಸುರಕ್ಷಿತವಾಗಿದ್ದವು. ಪ್ಲೇಯರ್ ಮಾತ್ರ ಕೆಟ್ಟಿತ್ತು. ಗುಂಡಿ ಒತ್ತಿದರೆ ಒಳಗೆ ಗರಗರ ಅನ್ನುತ್ತಿತ್ತು, ತಟ್ಟೆ ಹೊರಗೆ ಬರುತ್ತಿರಲಿಲ್ಲ. ಚಂದ್ರಾ ಲೇಔಟಿನ ಫೋಟೋ ಸ್ಟುಡಿಯೋದಲ್ಲಿ ಸೀಡಿಯನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇವೆ, ಬಿಟ್ಟುಹೋಗಿ, ಮುಂದಿನ ವಾರ ಬನ್ನಿ ಅಂದರು. ಅಪ್ಪ ಒಪ್ಪಲಿಲ್ಲ. "ಬಿಟ್ಟು ಬರೋದು ಅಂದ್ರೇನು? ಕಳೆದ್ರೆ ಅವ್ರು ತಂದುಕೊಡ್ತಾರಾ?" ಹೊಸ ಪ್ಲೇಯರ್ ಕೊಳ್ಳುವುದೆಂದು ತೀರ್ಮಾನವಾಯಿತು.

ಆಮೇಲಿನ ದಿನಗಳು ಹೇಗೆ ಕಳೆದವೆಂದು ಯಾರಾದರೂ ಕೇಳಿದರೆ, ಡಿವಿಡಿ ಪ್ಲೇಯರುಗಳನ್ನು ಹೋಲಿಸುತ್ತ ಕಳೆದವು ಎನ್ನಬೇಕು. ರಾಜಾಜಿನಗರದ ಆಫೀಸಿಗೆ ಹೋಗುವ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಅಕ್ಕಿ ಬೇಯುವಾಗ, ಫೋನಿನಲ್ಲಿ ಅದನ್ನೇ ನೋಡುತ್ತಿದ್ದೆ. ಯಾವುದು ಗೀರು ಬಿದ್ದ ಸೀಡಿಯನ್ನು ಓದುತ್ತದೆ, ಯಾವುದು ಕಂಪ್ಯೂಟರಿನಲ್ಲಿ ಬರೆದುಕೊಂಡ ಸೀಡಿಯನ್ನು ಬೇಡವೆನ್ನುತ್ತದೆ. ಒಂದೇ ವೈರಿನಲ್ಲಿ ಚಿತ್ರ, ಧ್ವನಿ ಎರಡನ್ನೂ ಕೊಡುವುದು ಯಾವುದು, ಹಳೆಯ ಹಾಗೆ ಚಿತ್ರಕ್ಕೆ ಹಳದಿ, ಧ್ವನಿಗೆ ಕೆಂಪು, ಬಿಳಿ ವೈರುಗಳದ್ದು ಯಾವುದು. ಒಂದಕ್ಕೆ ಮೈಕ್ ಸಿಕ್ಕಿಸಿಕೊಂಡು ಹಾಡುವ ಸೌಲಭ್ಯವಿತ್ತು. ಇನ್ನೊಂದರಲ್ಲಿ ಎ-ಬಿ ಅಂತ ಒಂದು ಗುಂಡಿ. ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಕೊಟ್ಟರೆ ಅಷ್ಟನ್ನೇ ಮತ್ತೆ ಮತ್ತೆ ತೋರಿಸುತ್ತದಂತೆ. ಇದು ಯಾರಿಗೆ ಬೇಕು, ಭರತನಾಟ್ಯ ಕಲಿಯುವವರಿಗೆ ಇರಬಹುದು ಅಂದುಕೊಂಡೆ. ಕೊಂಡವರು ಬರೆದ ದೂರುಗಳನ್ನೆಲ್ಲ ಓದಿದೆ. ಓದುತ್ತಿರುವಷ್ಟು ಹೊತ್ತು ನಾನು ಏನೋ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಸೀಡಿ ಹಾಕುವ ದಿನವನ್ನು ಮುಂದೂಡಲೆಂದೇ ಹಾಗೆ ಮಾಡುತ್ತಿದ್ದೆನೇ? ಹಾಗೆಂದರೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಆಗ ಅಂಥ ಯೋಚನೆ ಇದ್ದ ನೆನಪಿಲ್ಲ.

ಕೆಂಗೇರಿಯಿಂದ ಅಣ್ಣ ಫೋನ್ ಮಾಡಿದ.

"ತಗೊಂಡ್ಯಾ?"

"ಇನ್ನೂ ಇಲ್ಲ. ಎರಡು ನೋಡಿದೀನಿ. ಒಂದ್ರಲ್ಲಿ ಯುಎಸ್‌ಬಿ ಮುಂದೆ ಇದೆ, ಇನ್ನೊಂದ್ರಲ್ಲಿ ಹಿಂದೆ."

"ಲೇ, ರಾಕೆಟ್ ಬಿಡ್ತಾ ಇದೀಯೇನೇ? ಯಾವ್ದೋ ಒಂದು ತಗೊಂಡು ಅಪ್ಪಂಗೆ ಹಾಕ್ಕೊಡೇ. ನಂಗೆ ಗಂಡು ಹುಡುಕೋವಾಗ್ಲೂ ನೀನು ಇಷ್ಟು ವಿಚಾರಿಸ್ಲಿಲ್ಲ."

"ನಿಂಗೆ ಹುಡುಕಿದ್ದು ಹೆಣ್ಣು ಕಣೋ."

"ನೋಡು, ಅದೂ ನೆನಪಿಲ್ಲ ನಂಗೆ," ಅಂದ. ನಕ್ಕಿದ್ದು ಕೇಳಿಸಿತು. ಆ ನಗುವಿನ ಕೊನೆ ಸರಿಯಾಗಿ ಮುಗಿಯಲಿಲ್ಲ, ಫೋನ್ ಇಟ್ಟುಬಿಟ್ಟ.

ಮುಂದಿನ ಶನಿವಾರ ಅಪ್ಪನನ್ನು ಆಟೋದಲ್ಲಿ ವಿಜಯನಗರದ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅಪ್ಪ ಮೊದಲ ಸೀಡಿಯನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದರು. ಅಂಗಡಿಯವನು ನನ್ನದೇ ವಯಸ್ಸಿನವನು.

"ಡಿವಿಡಿ ಪ್ಲೇಯರಾ ಮೇಡಮ್? ಟೀವಿ ನೋಡಿ, ಆಫರ್ ಇದೆ."

"ಪ್ಲೇಯರೇ ಬೇಕು."

"ಅಯ್ಯೋ, ಅದನ್ನ ಹೆಂಗೆ ಖಾಲಿ ಮಾಡೋದು ಅಂತ ನಮ್ಮ ಓನರ್ ತಲೆ ಕೆಡಿಸ್ಕೊಂಡಿದ್ರು. ದೇವ್ರು ಬಂದಂಗೆ ಬಂದ್ರಿ," ಎಂದು ಒಳಗಿನಿಂದ ಎರಡು ಡಬ್ಬ ತಂದಿಟ್ಟು ಧೂಳು ಒರೆಸಿದ.

ಒಂದು ತೆಳ್ಳಗೆ, ಒಂದೇ ವೈರಿನದು. ನನ್ನ ಮನಸ್ಸು ಮೊದಲಿಂದಲೂ ಅದರ ಮೇಲಿತ್ತು. ಇನ್ನೊಂದು ದಪ್ಪ, ಮೂರು ಬಣ್ಣದ ವೈರು, ಮುಂದುಗಡೆ ಮೈಕಿಗೆ ಎರಡು ತೂತು. ನಾನು ಕೇಳುತ್ತ ಹೋದೆ. ಬರೆದ ಸೀಡಿ ಓದುತ್ತಾ, ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದಲೇ ಶುರುವಾಗುತ್ತಾ, ರಿಮೋಟ್ ಹಾಳಾದರೆ ಬೇರೆ ಸಿಗುತ್ತಾ.

"ಮೇಡಮ್, ನೀವೂ ಇದೇ ಲೈನಲ್ಲಿ ಇದೀರಾ?" ಅಂದ ಅವನು.

ಕುರ್ಚಿಯಲ್ಲಿ ಕೂತಿದ್ದ ಅಪ್ಪ ಹೇಳಿದರು: "ನಮ್ಮ ಹುಡುಗಿ ಹಂಗೇ ಕಣಪ್ಪ. ಒಂದು ಕಟ್ಟು ಸೊಪ್ಪು ತಗೊಳ್ಳಾಕೆ ಇಡೀ ಗಾಡಿ ಬಿಚ್ಚಿಸ್ತಾಳೆ. ಅವ್ರಮ್ಮನ ಬುದ್ಧಿ." ಹೇಳಿ, ಚೀಲದಿಂದ ಸೀಡಿ ತೆಗೆದು ಮುಂದೆ ಹಿಡಿದರು. ಅಂಗಡಿಯವನು ವೈರು ಬಿಡಿಸಲು ತೊಡಗಿದ.

ನಮ್ಮ ಸೀಡಿಯನ್ನು ತೆಳ್ಳಗಿನದಕ್ಕೆ ಹಾಕಿದರೆ ಅದು ಸ್ವಲ್ಪ ಹೊತ್ತು ತಿರುಗಿಸಿ ಡಿಸ್ಕ್ ಇಲ್ಲ ಎಂದಿತು. ಮತ್ತೆ ಹಾಕಿದರೂ ಅದೇ. ದಪ್ಪನೆಯದು ಗೊರಗೊರ ಅಂದಿತು, ಟೀವಿಯ ಮೇಲೆ ಮಿಂಚಿನ ನಡುವೆ ಶಿವಲಿಂಗವೊಂದು ತಿರುಗುತ್ತ ಬಂತು. ಹಿಂದೆಯೇ ನಮ್ಮ ಮನೆಯ ಹೆಸರು ಹೃದಯದ ಆಕಾರದೊಳಗೆ.

"ಸಾಕು, ನಿಲ್ಸಪ್ಪ," ಅಂದರು ಅಪ್ಪ. "ಇದನ್ನೇ ಕೊಡು."

ಅಷ್ಟು ದಿನದ ಹೋಲಿಕೆ ಹೀಗೆ ಮುಗಿಯಿತು.

ಮಾರನೆಯ ದಿನ, ಭಾನುವಾರ, ಅಡುಗೆ ಮುಗಿಸಿ ಪ್ಲೇಯರನ್ನು ಟೀವಿಗೆ ಜೋಡಿಸಿದೆ. ಅಪ್ಪ ಸ್ನಾನ ಮಾಡಿ ಒಗೆದ ಪಂಚೆ ಉಟ್ಟು ಬಂದು ಕೂತರು. ಹಸು ಹೊಸ್ತಿಲು ದಾಟಿ ಒಳಗೆ ಬಂತು. ಹಾಲು ಉಕ್ಕಿತು. ಸ್ವಾಮಿಗಳ ಪಾದಪೂಜೆಯಾಯಿತು. ಎಲ್ಲರೂ ಇದ್ದರು, ಈಗ ಇಲ್ಲದವರು ಕೆಲವರು ಓಡಾಡಿಕೊಂಡಿದ್ದರು. ಮತ್ತು ಎಲ್ಲದರ ಮೇಲೆ ಹಾಡು. ಒಂದು ಹಾಡು ಮುಗಿಯುತ್ತಲೇ ಇನ್ನೊಂದು, ಒಂದು ಕ್ಷಣವೂ ಬಿಡುವಿಲ್ಲದೆ. ಅಮ್ಮ ಹಸಿರು ರೇಷ್ಮೆ ಸೀರೆಯಲ್ಲಿ ಯಾರಿಗೋ ಏನೋ ಹೇಳುತ್ತಿದ್ದಳು. ಅವಳು ಬಾಯಿ ತೆರೆದಾಗಲೆಲ್ಲ ಒಬ್ಬ ಗಂಡಸು ಹಾಡುತ್ತಿದ್ದ.

ಆಗ ಎಲ್ಲರ ಮನೆಯ ವಿಡಿಯೋ ಹಾಗೇ ಇರುತ್ತಿತ್ತು. ಹಾಡು ಹಾಕದೆ ಕೊಟ್ಟರೆ ವಿಡಿಯೋದವನು ಮೈಗಳ್ಳ ಅನ್ನುತ್ತಿದ್ದರು. ಇದು ನನಗೆ ಗೊತ್ತಿತ್ತು. ಅಣ್ಣನ ಮದುವೆಯದೂ ಹಾಗೇ ಇದೆ. ಅಷ್ಟು ದಿನ ಅಷ್ಟೆಲ್ಲ ವಿಚಾರಿಸಿದವಳಿಗೆ ಇದು ಯಾಕೆ ಹೊಳೆಯಲಿಲ್ಲ?

"ಅವ್ಳೇ ಹೇಳಿದ್ದು," ಅಂದರು ಅಪ್ಪ, ಟೀವಿಯಿಂದ ಕಣ್ಣು ತೆಗೆಯದೆ. "ನಮ್ಮ ಗಲಾಟೆ ಏನೂ ಕೇಳಿಸ್ಬಾರ್ದು, ಪೂರ್ತಿ ಹಾಡು ಹಾಕಪ್ಪ ಅಂತ. ನಿಮ್ಮತ್ತೆ ಅವತ್ತು ಹೋಳಿಗೆ ಸಾಲದು ಅಂತ ಕೂಗಾಡಿದ್ಳು, ಅದಕ್ಕೆ."

ನನಗೂ ಅಮ್ಮ ಹಾಗೆ ಹೇಳಿದ್ದು ನೆನಪಿದೆ ಅನ್ನಿಸಿತು. ಅಪ್ಪ ಹೇಳಿದ ಮೇಲೆ ನೆನಪಾದದ್ದು ಇದು, ಹಾಗಾಗಿ ಲೆಕ್ಕಕ್ಕಿಲ್ಲ.

ಮೊದಲ ಸೀಡಿ ಮುಗಿಯಿತು. ಎರಡನೆಯದನ್ನು ಹಾಕಿದೆ. ಕಿಟಕಿಯ ಬಿಸಿಲು ಟೀವಿಯ ಮೇಲೆ ಬೀಳುತ್ತಿತ್ತು. ಅಪ್ಪ ಎದ್ದು ಟೀವಿ ಸ್ಟ್ಯಾಂಡನ್ನು ತಮ್ಮ ಕಡೆಗೆ ಎಳೆದರು. ಹಾಡು ನಿಂತಿತು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದಾಯಿತು.

ನಾನು ಎದ್ದು ಒಳಗೆ ಹೋಗಿ ನೋಡಿದೆ. ಒಲೆಯ ಮೇಲೆ ಸಾರು, ಮುಚ್ಚಿದ ಅನ್ನ. ಎಲ್ಲ ಇಟ್ಟಲ್ಲೇ ಇತ್ತು. ಮತ್ತೆ ಪಾತ್ರೆಯ ಸದ್ದು, ಈಗ ಹಜಾರದಿಂದ. ವಾಪಸು ಬಂದಾಗ ಅಪ್ಪ ಸ್ಟ್ಯಾಂಡ್ ಹಿಡಿದು ಹಾಗೇ ನಿಂತಿದ್ದರು. ಕೆಂಪು ವೈರು ಟೀವಿಯಿಂದ ಕಳಚಿ ನೇತಾಡುತ್ತಿತ್ತು. ಟೀವಿಯೊಳಗೆ ಊಟದ ಪಂಕ್ತಿ, ಬಕೆಟ್ಟಿನ ಸದ್ದು, ನೂರು ಜನ ಒಟ್ಟಿಗೆ ಮಾತಾಡುವ ಗಿಜಿಗಿಜಿ. ವಿಡಿಯೋದವನು ಹಾಡನ್ನು ಒಂದು ಬದಿಗೆ ತುಂಬಿ, ಮಾತುಗಳನ್ನು ಇನ್ನೊಂದು ಬದಿಯಲ್ಲಿ ಹಾಗೇ ಬಿಟ್ಟಿದ್ದ. ಕೆಂಪು ವೈರಿನಲ್ಲಿ ಹಾಡು, ಬಿಳಿಯದರಲ್ಲಿ ನಾವು. ಎರಡೂ ಇದ್ದಾಗ ಹಾಡಿನ ಅಬ್ಬರದಲ್ಲಿ ನಾವು ಮುಳುಗಿಹೋಗಿದ್ದೆವು.

ನಾವಿಬ್ಬರೂ ನಿಂತೇ ಕೇಳಿದೆವು. ಕ್ಯಾಮೆರಾ ಬಾಳೆಲೆಗಳ ಸಾಲಿನುದ್ದಕ್ಕೂ ನಿಧಾನವಾಗಿ ಸಾಗುತ್ತಿತ್ತು. ಅದರ ಹಿಂದಿನಿಂದ, ಬಹಳ ಹತ್ತಿರದಿಂದ, ಒಬ್ಬ ಹೆಂಗಸು:

"ಏನ್ ತಮ್ಮಾ, ಊಟ ಆತಾ ನಿಂದು? ಮೊದ್ಲು ಕುಂತು ಉಣ್ಣು. ಆಮೇಲೆ ತೆಗಿಯುವಂತೆ."

"ಈ ಪಂಕ್ತಿ ಮುಗೀಲಿ ಅಕ್ಕ," ಅಂದ ವಿಡಿಯೋದವನು. ಚಿತ್ರ ಒಮ್ಮೆ ನೆಲದ ಕಡೆ ವಾಲಿ ಮತ್ತೆ ಮೇಲೆದ್ದಿತು.

"ಯಾರಪ್ಪ ಅದು? ಚಿಕ್ಕಮ್ಮನಾ?" ಅಂದೆ.

ಅಪ್ಪ ತಿರುಗಿ ನನ್ನನ್ನು ನೋಡಿದರು. "ನಿಮ್ಮಮ್ಮ ಕಣವ್ವ."

ಅದು ಚುರುಕಾದ, ಸ್ವಲ್ಪ ಕೀರಲು ದನಿ. ಈಗಿನ ನನಗಿಂತ ಚಿಕ್ಕವಳೊಬ್ಬಳ ದನಿ. ಊರಿನ ಮಾತು ಇನ್ನೂ ನಾಲಿಗೆಯಲ್ಲಿ ಇದ್ದವಳದು. ನಾನು ಬಲ್ಲ ಅಮ್ಮ ನಿಧಾನವಾಗಿ ಮಾತಾಡುತ್ತಿದ್ದಳು ಅಂದುಕೊಂಡಿದ್ದೇನೆ. ಕಾಯಿಲೆಯ ಕೊನೆಯ ತಿಂಗಳುಗಳ ನಿಧಾನವನ್ನೇ ಅವಳ ಇಡೀ ಬದುಕಿಗೆ ಹಚ್ಚಿಬಿಟ್ಟಿದ್ದೆನೋ ಏನೋ.

"ಇನ್ನೊಂದ್ಸಲ," ಅಂದರು ಅಪ್ಪ.

ಹಿಂದಕ್ಕೆ ಓಡಿಸಿದೆ. ಆಮೇಲೆ ಮತ್ತೆ ಕೇಳಿದರು. ಈ ರಿಮೋಟಿನಲ್ಲೂ ಎ-ಬಿ ಗುಂಡಿ ಇತ್ತು. ಅವಳ ಮಾತು ಶುರುವಾಗುವಲ್ಲಿ ಒಮ್ಮೆ, ಮುಗಿಯುವಲ್ಲಿ ಒಮ್ಮೆ ಒತ್ತಿದೆ. ಆಮೇಲೆ ನಾನು ಏನೂ ಮಾಡಬೇಕಾಗಲಿಲ್ಲ. ಊಟ ಆತಾ ನಿಂದು. ಕುಂತು ಉಣ್ಣು. ಊಟ ಆತಾ ನಿಂದು. ಅಪ್ಪ ಕೂತು, ಮಂಡಿಯ ಮೇಲೆ ಕೈಯಿಟ್ಟು, ಪ್ರತಿ ಸಲವೂ ಹೊಸದಾಗಿ ಕೇಳಿಸಿಕೊಂಡವರಂತೆ ಸಣ್ಣಗೆ ತಲೆಯಾಡಿಸುತ್ತಿದ್ದರು. ಬಿಸಿಲು ಸ್ಟ್ಯಾಂಡಿನಿಂದ ನೆಲಕ್ಕೆ ಜಾರಿತು. ಕೊನೆಗೆ ಅವರೇ ಎದ್ದು, "ಉಣ್ಣೋಣ ನಡಿ," ಅಂದರು. ನಾವು ಉಂಡೆವು. ಸಾರಿಗೆ ಉಪ್ಪು ಹಾಕಿರಲಿಲ್ಲ, ಅಪ್ಪ ಇನ್ನೊಂದು ಸೌಟು ಹಾಕಿಸಿಕೊಂಡರು.

ಆಮೇಲೊಂದು ದಿನ ಅಣ್ಣ ಬಂದಾಗ ಅವನಿಗೂ ಕೇಳಿಸಿದೆ. ಅವನು ತಕ್ಷಣ, "ಅಮ್ಮನೇ ಕಣೇ," ಅಂದು ಬಾಲ್ಕನಿಗೆ ಹೋಗಿ ನಿಂತುಕೊಂಡ. ಆದರೆ ಅದು ಅಮ್ಮನ ದನಿ ಎಂದು ನಾನು ಅವನಿಗೆ ಮೊದಲೇ ಹೇಳಿಬಿಟ್ಟಿದ್ದೆ.

ಕೆಂಪು ವೈರನ್ನು ನಾನು ಮತ್ತೆ ಸಿಕ್ಕಿಸಿಲ್ಲ. ಭಾನುವಾರಗಳಲ್ಲಿ ಅಪ್ಪ ಆ ಪಂಕ್ತಿಯನ್ನು ಹಾಕಿಸಿಕೊಳ್ಳುತ್ತಾರೆ. ಈಗ ಅಮ್ಮನ ಮಾತು ನೆನಪಾದರೆ ಅದು ನನ್ನ ದನಿಯಲ್ಲಿ ಬರುವುದಿಲ್ಲ, ಆ ಚುರುಕು ದನಿಯಲ್ಲಿ ಬರುತ್ತದೆ. ಗೋಡೆ ಜೊತೆ ಮಾತಾಡ್ದಂಗೆ ಆಗುತ್ತೆ, ಹೋಗೇ ಅನ್ನುವುದೂ ಅದೇ ದನಿಯಲ್ಲಿ. ಅದನ್ನು ಗುರುತು ಹಿಡಿದೆನೋ, ಕೇಳಿ ಕೇಳಿ ಕಲಿತೆನೋ ಹೇಳಲಾರೆ. "ನಿಮ್ಮಮ್ಮ" ಅಂದರು ಅಪ್ಪ, ಆ ಮಾತನ್ನೇ ಇಟ್ಟುಕೊಂಡಿದ್ದೇನೆ.